ಪ್ರಜೆ ಪ್ರಭುವಾದ ಬಗೆ

‘ಪ್ರಜಾ’ ಎಂಬ ಸಂಸ್ಕೃತ ಶಬ್ದಕ್ಕೆ ಸಂತಾನವೆಂಬುದು ಮೂಲಾರ್ಥ. ಅರಸನು ತಂದೆ, ನಾಡಿನವರು ಮಕ್ಕಳು ಎಂಬ ಪ್ರಾಚೀನ ಭಾವನೆಯಿಂದ ‘ಆಳಿಸಿಕೊಳ್ಳುವವರು’ ಎಂಬ ಅರ್ಥವೂ ಅದಕ್ಕೆ ಕೂಡಿತು. ಇಂದು ಕನ್ನಡದಲ್ಲಿ ಅದೇ ಪದವು ಆಳುವವರನ್ನು ಆರಿಸುವ ಹಕ್ಕುಳ್ಳವರನ್ನು ಸೂಚಿಸುತ್ತದೆ. ಈ ಅರ್ಥವ್ಯತ್ಯಾಸದ ಹಿಂದೆ ಜನರ ಹೋರಾಟವಿದೆ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ನಡೆದ ಜವಾಬ್ದಾರಿ ಸರ್ಕಾರದ ಚಳವಳಿಯು ಅದಕ್ಕೆ ಉತ್ತಮ ನಿದರ್ಶನ.

ಮೈಸೂರು ದುರಾಡಳಿತದ ನಾಡಾಗಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ಕಟ್ಟೆ, ವಿಶ್ವವಿದ್ಯಾನಿಲಯ ಇವೆಲ್ಲ ಅರಸರ ಆಳ್ವಿಕೆಯ ಕೊಡುಗೆಗಳೇ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಷ್ಟು ಹಿಂದೆಯೇ, 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯು ಸೇರಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಏರ್ಪಟ್ಟಿತು. ಹೀಗಿರಲು ಜನರು ಬೀದಿಗಿಳಿದುದೇಕೆ?

ಪ್ರತಿನಿಧಿ ಸಭೆಯಲ್ಲಿ ಸದಸ್ಯರು ಊರಿನ ಕುಂದುಕೊರತೆಗಳನ್ನು ಬಿನ್ನವಿಸಿಕೊಳ್ಳಬಹುದಾಗಿತ್ತು. ದಿವಾನರು ಸಮಾಧಾನ ಹೇಳಬಹುದಾಗಿತ್ತು. ಆದರೆ ದಿವಾನರನ್ನು ನೇಮಿಸುವ ಅಥವಾ ಇಳಿಸುವ ಅಧಿಕಾರ ಸಭೆಗಿರಲಿಲ್ಲ. ಅವರು ಉತ್ತರವಾದಿಗಳಾಗಿದ್ದುದು ಮಹಾರಾಜರಿಗೆ ಮಾತ್ರ. ಮತದಾನದ ಹಕ್ಕಾದರೋ ಆಸ್ತಿ, ವಿದ್ಯೆ ಮೊದಲಾದ ಅರ್ಹತೆಯುಳ್ಳ ಕೆಲವರಿಗೆ ಸೀಮಿತವಾಗಿತ್ತು. ಚುನಾಯಿತ ಮಂತ್ರಿಗಳು ಜನಪ್ರತಿನಿಧಿಗಳ ಸಭೆಗೆ ಉತ್ತರ ಹೇಳಬೇಕು, ಅದರ ವಿಶ್ವಾಸ ತಪ್ಪಿದರೆ ಪೀಠ ಬಿಡಬೇಕು ಎಂಬುದೇ ಜವಾಬ್ದಾರಿ ಸರ್ಕಾರದ ತಿರುಳು. ದಯೆಯಿಂದ ದೊರೆತುದು ದಯೆ ತಪ್ಪಿದಂದು ಹೋಗುತ್ತದೆ. ಹಕ್ಕಿನಿಂದ ಬಂದುದನ್ನು ಕೇಳಿ ಪಡೆಯಬಹುದು.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣತೆತ್ತರು. 1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾಯಿತು. ಸಂಸ್ಥಾನವೂ ಭಾರತ ಒಕ್ಕೂಟವನ್ನು ಸೇರಿತು. ಆದರೂ ಆಡಳಿತವು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರ ಕೈಯಲ್ಲಿಯೇ ಉಳಿಯಿತು. ಸೆಪ್ಟೆಂಬರ್ 1ರಂದು ‘ಮೈಸೂರು ಚಲೋ’ ಆರಂಭವಾಯಿತು. ಕೆ. ಸಿ. ರೆಡ್ಡಿ ಮೊದಲಾದ ನಾಯಕರು ಸೆರೆಮನೆ ಸೇರಿದರು. ನಾಯಕರಿಲ್ಲದಾಗ ಚಳವಳಿ ನಿಲ್ಲಲಿಲ್ಲ. ಕಾರ್ಮಿಕರು ಕೆಲಸ ಬಿಟ್ಟರು, ವಿದ್ಯಾರ್ಥಿಗಳು ತರಗತಿ ಬಿಟ್ಟರು. ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ಅಲ್ಲಿಯ ವೃತ್ತವೊಂದು ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ, ರೆಡ್ಡಿಯವರು ಮುಖ್ಯಮಂತ್ರಿಯಾದರು. ಸೆರೆಯಲ್ಲಿದ್ದವರು ಕೆಲವೇ ವಾರಗಳಲ್ಲಿ ಮಂತ್ರಿಮಂಡಲದ ಮುಖ್ಯರಾದರು.

ಆದರೆ ಅಂದಿಗೂ ಎಲ್ಲರ ಕೈಗೆ ಮತ ಬಂದಿರಲಿಲ್ಲ. ಬಡವ ಬಲ್ಲಿದ, ಸ್ತ್ರೀ ಪುರುಷ, ಅಕ್ಷರಸ್ಥ ನಿರಕ್ಷರ ಎಂಬ ಭೇದವಿಲ್ಲದೆ ವಯಸ್ಕರೆಲ್ಲರೂ ಮತ ನೀಡಿದುದು 1951-52ರ ಮೊದಲ ಮಹಾಚುನಾವಣೆಯಲ್ಲಿ. ಆಗ 21 ಇದ್ದ ಮತದಾನದ ವಯೋಮಿತಿಯು 1989ರಲ್ಲಿ 18ಕ್ಕೆ ಇಳಿಯಿತು.

ರಾಮಸ್ವಾಮಿಗೆ ಮತ ನೀಡುವ ವಯಸ್ಸು ಬರಲೇ ಇಲ್ಲ. ಇಂದು ಶಾಲೆಯನ್ನು ದಾಟಿ ಹೊರಟ ವಿದ್ಯಾರ್ಥಿಗೆ ಆ ಹಕ್ಕು ತಾನಾಗಿ ಒದಗುತ್ತದೆ. ಬೆಲೆ ತೆರದೆ ಬಂದುದನ್ನು ಬೆಲೆಯಿಲ್ಲದ್ದೆಂದು ಭಾವಿಸುವುದು ಮನುಷ್ಯಸ್ವಭಾವ. ಆದುದರಿಂದ ‘ಪ್ರಜೆ’ ಎಂಬ ಪದದ ಅರ್ಥವನ್ನು ಬೋಧಿಸುವಾಗ, ಆ ಅರ್ಥಕ್ಕಾಗಿ ತೆತ್ತ ಬೆಲೆಯನ್ನೂ ತಿಳಿಸುವುದು ಉಪಾಧ್ಯಾಯರ ಕರ್ತವ್ಯವಾಗಿದೆ.