ಬಿಳಿ ಹೊಗೆ ಕಂಡರೆ ಉರಿ ಇಳಿಸಿ: ಬಿದರಿ ಕೆಲಸದ ಸುರಕ್ಷತೆ

ಬೀದರಿನ ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2023ರಲ್ಲಿ ಬಿದರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆದರೆ ಈ ಕೆಲಸ ಇಂದಿಗೂ ಹೆಚ್ಚಾಗಿ ಸಣ್ಣ ಕೋಣೆಗಳಲ್ಲಿ, ಕೆಲವೇ ಕಾರೀಗರರ ಕೈಯಲ್ಲಿ ನಡೆಯುತ್ತದೆ. ಕುಲುಮೆ, ಬಫಿಂಗ್ ಯಂತ್ರ, ರಾಸಾಯನಿಕ ಎಲ್ಲವೂ ಅಕ್ಕಪಕ್ಕದಲ್ಲೇ. ಯಾವ ಹಂತದಲ್ಲಿ ಯಾವ ಅಪಾಯ ಎಂದು ಮಾಲೀಕರಿಗೆ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಎರಕ ಹೊಯ್ಯುವಾಗ

ಬಿದರಿ ಲೋಹದಲ್ಲಿ ಸಾಮಾನ್ಯವಾಗಿ 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಇರುತ್ತದೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ, 907 ಡಿಗ್ರಿಗೆ ಕುದಿಯುತ್ತದೆ. ಉರಿ ಅತಿಯಾದರೆ ಮೂಸೆಯಿಂದ ದಟ್ಟ ಬಿಳಿ ಹೊಗೆ ಏಳುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು ಬರುತ್ತವೆ. ಒಂದೆರಡು ದಿನದಲ್ಲಿ ಇಳಿಯುವುದರಿಂದ ಮಾಮೂಲಿ ಜ್ವರವೆಂದು ಬಿಟ್ಟುಬಿಡುತ್ತಾರೆ. ಎರಕ ಹೊಯ್ದ ದಿನವೇ ಜ್ವರ ಬರುತ್ತಿದ್ದರೆ ವೈದ್ಯರಿಗೆ ಅದನ್ನು ತಪ್ಪದೆ ಹೇಳಬೇಕು. ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆಯ ಬಾಧೆ ತಪ್ಪುವುದಿಲ್ಲ. ಬಿಳಿ ಹೊಗೆ ಕಂಡ ಕೂಡಲೇ ಉರಿ ಇಳಿಸಬೇಕು. ಹೊಗೆ ಹೊರಹೋಗಲು ದಾರಿ ಇರಬೇಕು; ಎಕ್ಸಾಸ್ಟ್ ಫ್ಯಾನ್ ಕಾರೀಗರನ ಮುಖದ ಕಡೆಯಿಂದ ಹೊಗೆಯನ್ನು ಆಚೆಗೆ ಎಳೆಯುವಂತಿರಬೇಕು.

ಇಲ್ಲಿ ದೊಡ್ಡ ಶತ್ರು ನೀರು. ಹಸಿ ಅಚ್ಚು, ಒದ್ದೆ ಸೌಟು ಅಥವಾ ಇಕ್ಕಳ ಕರಗಿದ ಲೋಹಕ್ಕೆ ತಾಗಿದರೆ ನೀರು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಸಿಡಿಸುತ್ತದೆ. ಆದ್ದರಿಂದ ಅಚ್ಚು ಒಣಗಿರಬೇಕು, ಉಪಕರಣಗಳನ್ನು ಮೊದಲೇ ಬಿಸಿ ಮಾಡಿರಬೇಕು. ಹತ್ತಿರ ಒಣ ಮರಳಿನ ಬಕೆಟ್ ಇಡಿ. ಕಣ್ಣಿಗೆ ಕನ್ನಡಕ, ಚರ್ಮದ ಕೈಗವಸು, ಮುಚ್ಚಿದ ಬೂಟು ಬೇಕು. ಬರಿಗಾಲು, ಚಪ್ಪಲಿ ಸಲ್ಲದು.

ಯಂತ್ರ ಮತ್ತು ರಾಸಾಯನಿಕ

ಬಫಿಂಗ್ ಚಕ್ರದ ಮುಂದೆ ಮಾತ್ರ ಕೈಗವಸು ತೆಗೆದಿಡಬೇಕು, ಏಕೆಂದರೆ ತಿರುಗುವ ಚಕ್ರ ಬಟ್ಟೆಯೊಡನೆ ಕೈಯನ್ನೂ ಎಳೆದುಕೊಳ್ಳುತ್ತದೆ. ರುಮಾಲಿನ ಸೆರಗು, ದುಪಟ್ಟಾ, ಬಿಚ್ಚಿದ ಕೂದಲು ದೂರವಿರಲಿ. ಚಕ್ರಕ್ಕೆ ಕವಚ ಇರಲಿ, ಸ್ವಿಚ್ ಕೈಗೆಟುಕುವಂತಿರಲಿ. ಧೂಳಿಗೆ ಎನ್95 ಮಾಸ್ಕ್ ಬೇಕು. ಮುಖಕ್ಕೆ ಕಟ್ಟಿದ ಬಟ್ಟೆ ಸಾಲದು.

ಕೆತ್ತುವ ಮುನ್ನ ಹಚ್ಚುವ ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ. ಅದನ್ನು ನೀರಿನ ಬಾಟಲಿಯಲ್ಲಿ ಎಂದೂ ಇಡಬೇಡಿ. ಡಬ್ಬಿಗೆ ಹೆಸರು ಬರೆದು ಮಕ್ಕಳಿಗೆ ಸಿಗದಂತೆ ಬೀಗ ಹಾಕಿ. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣಿನ ಜತೆ ನವಸಾಗರ ಸೇರಿಸಿ ಬಿಸಿ ಪಾತ್ರೆಗೆ ತಿಕ್ಕುವಾಗ ಏಳುವ ಆವಿ ಕಣ್ಣು, ಗಂಟಲು ಉರಿಸುತ್ತದೆ. ಎನ್95 ಅದನ್ನು ತಡೆಯದು. ಈ ಕೆಲಸ ಗಾಳಿಯಾಡುವ ಕಡೆಯೇ ಆಗಬೇಕು.

ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ, ಪೇಸ್ಟ್ ಹಚ್ಚಬೇಡಿ. ಗಾಯ ದೊಡ್ಡದಾದರೆ 108ಕ್ಕೆ ಕರೆ ಮಾಡಿ.

ಕಾನೂನಿನ ಲೆಕ್ಕ

2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಉದ್ದಿಮೆ ಇದರ ವ್ಯಾಪ್ತಿಗೆ ಬರುತ್ತದೆ. ಹೊಸದಾಗಿ ವ್ಯಾಪ್ತಿಗೆ ಬಂದವರು 60 ದಿನದೊಳಗೆ ಆನ್‌ಲೈನ್ ನೋಂದಣಿಗೆ ಅರ್ಜಿ ಹಾಕಬೇಕು, ಕಾರ್ಮಿಕರಿಗೆ ನೇಮಕಾತಿ ಪತ್ರ ಕೊಡಬೇಕು. ಅಪಘಾತದಿಂದ ಸಾವಾದರೆ, ಅಥವಾ 48 ಗಂಟೆ ಇಲ್ಲವೇ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡಲಾಗದಂಥ ಪೆಟ್ಟಾದರೆ, ಅಧಿಕಾರಿಗಳಿಗೆ ತಿಳಿಸಬೇಕು. ಸುರಕ್ಷತೆಗೆ ಬೇಕಾದ ಯಾವ ವಸ್ತುವಿಗೂ ಕಾರ್ಮಿಕರಿಂದ ಹಣ ಪಡೆಯುವಂತಿಲ್ಲ. ಕೈಗವಸಿನ ದುಡ್ಡನ್ನು ಕೂಲಿಯಲ್ಲಿ ಮುರಿಯುವುದು ತಪ್ಪು. ಇಎಸ್‌ಐ ವಿಮೆ ಇದ್ದರೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಚಿಕಿತ್ಸೆ ಸಿಗುತ್ತದೆ. ಮಾಲೀಕರು ಸಂಬಳದ ಶೇ 3.25, ಕಾರ್ಮಿಕರು ಶೇ 0.75 ಕಟ್ಟಬೇಕು.

ನಿಮ್ಮಲ್ಲಿ ನಾಲ್ಕೇ ಜನರಿದ್ದರೆ ಇವುಗಳಲ್ಲಿ ಕೆಲವು ನಿಯಮಗಳು ಅನ್ವಯಿಸದೇ ಇರಬಹುದು. ಆದರೆ ಸಿಡಿದ ಸತುವಿಗೆ ಜನರ ಲೆಕ್ಕ ಗೊತ್ತಿಲ್ಲ. ನಿಮ್ಮ ಕೆಲಸವನ್ನು ನೋಡಿ ಹಂತ ಹಂತವಾಗಿ ಅಪಾಯ ಬರೆದುಕೊಳ್ಳಿ. ಪ್ರತಿಯೊಂದರ ಎದುರು ಅದಕ್ಕೆ ಉಪಾಯ ಮತ್ತು ಅದನ್ನು ನೋಡಿಕೊಳ್ಳುವವರ ಹೆಸರು ಬರೆಯಿರಿ. ಆ ಒಂದು ಹಾಳೆಯನ್ನು ಎಲ್ಲರಿಗೂ ಓದಿ ಹೇಳಿ, ಕುಲುಮೆಯ ಎದುರಿನ ಗೋಡೆಗೆ ಅಂಟಿಸಿ.