ಫ್ಲ್ಯಾಟಿನಲ್ಲಿ ಬೆಕ್ಕು: ಸಾಕುವ ಮುನ್ನ ಯೋಚಿಸಬೇಕಾದ ಸಂಗತಿಗಳು

ಊರಿನ ಮನೆಗಳಲ್ಲಿ ಬೆಕ್ಕನ್ನು ಸಾಕಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದುದೇ ಇಲ್ಲವೆನ್ನಬಹುದು. ಅಂಗಳ, ಅಟ್ಟ, ಕೊಟ್ಟಿಗೆ, ತೋಟಗಳಿದ್ದ ಮನೆಗೆ ಅದು ತಾನಾಗಿಯೇ ಬಂದು ಸೇರುತ್ತಿತ್ತು. ಇಲಿ ಹಿಡಿದು ತನ್ನ ಅನ್ನವನ್ನು ತಾನೇ ದುಡಿದುಕೊಳ್ಳುತ್ತಿತ್ತು. ಆರಿದ ಒಲೆಯ ಬಳಿ ಮಲಗಿ ಚಳಿ ಕಳೆಯುತ್ತಿತ್ತು. ಜೋಗೇಶ್ವರಿಯಂತಹ ಉಪನಗರದಲ್ಲಿ, 400 ಚದರಡಿಯ ಫ್ಲ್ಯಾಟಿನಲ್ಲಿ ಬಾಳುವ ನಮಗೆ ಅಂತಹ ಅನುಕೂಲವಿಲ್ಲ. ಇಲ್ಲಿ ಬೆಕ್ಕಿನ ಆಹಾರ, ಮಲಮೂತ್ರ, ಆಟ, ಔಷಧ ಎಲ್ಲವೂ ಮನೆಯವರ ಹೊಣೆ.

ಆದರೂ ಪ್ರತಿ ಮಳೆಗಾಲದಲ್ಲಿ ಕಟ್ಟಡದ ಕಾಂಪೌಂಡಿನೊಳಗೆ, ನಿಲ್ಲಿಸಿದ ಸ್ಕೂಟರಿನ ಅಡಿಯಲ್ಲಿ ಮರಿಯೊಂದು ಕೂಗುತ್ತದೆ. ಮಕ್ಕಳು ಅದನ್ನು ಎತ್ತಿಕೊಂಡು ಮೇಲೆ ಬರುತ್ತಾರೆ. ಅಜ್ಜಿ ಬೇಡವೆನ್ನುತ್ತಾರೆ, ತಾಯಿ ನೆಲ ಒರೆಸುವವರು ಯಾರೆಂದು ಕೇಳುತ್ತಾರೆ, ತಂದೆ ಪತ್ರಿಕೆಯಲ್ಲಿ ಮುಖ ಮರೆಸಿಕೊಳ್ಳುತ್ತಾರೆ. ಹೀಗೆ ತೀರ್ಮಾನವೇ ಇಲ್ಲದೆ ಮನೆ ಸೇರಿದ ಬೆಕ್ಕು ವರ್ಷದೊಳಗೆ ಚೀಲದಲ್ಲಿ ಕುಳಿತು ಮೀನು ಮಾರುಕಟ್ಟೆಯ ದಾರಿ ಹಿಡಿಯುವುದುಂಟು. ಈ ಲೇಖಕನು ವೈದ್ಯನಲ್ಲ, ಬ್ಯಾಂಕಿನ ಅಧಿಕಾರಿ. ಸಾಲದ ಅರ್ಜಿ ಬಂದಾಗ ಅವಧಿ, ಅಪಾಯ, ವೆಚ್ಚ, ಜಾಮೀನು ಎಂಬ ನಾಲ್ಕನ್ನು ಪರಿಶೀಲಿಸಿಯೇ ಸಹಿ ಹಾಕುವುದು ನಮ್ಮ ಪದ್ಧತಿ. ಬೆಕ್ಕಿನ ವಿಷಯಕ್ಕೂ ಅದೇ ಕ್ರಮ ಒಪ್ಪುತ್ತದೆ.

ಅವಧಿ

ಬೀದಿಯ ಬೆಕ್ಕಿನ ಆಯುಸ್ಸು ಅಲ್ಪ. ಮನೆಯೊಳಗೇ ಇದ್ದು ಒಳ್ಳೆಯ ಆರೈಕೆ ಪಡೆದ ಬೆಕ್ಕು 12ರಿಂದ 18 ವರ್ಷ ಬಾಳಬಲ್ಲದು. ಇಂದು ಐದನೆಯ ತರಗತಿಯಲ್ಲಿರುವ ಮಗ ನೌಕರಿ ಹಿಡಿದು ಬೇರೂರಿಗೆ ಹೋದ ಮೇಲೂ ಬೆಕ್ಕು ಮನೆಯಲ್ಲಿರುತ್ತದೆ. ಆದ್ದರಿಂದ ಮಗುವಿನ ಆಸೆಯೊಂದನ್ನೇ ಆಧಾರವಾಗಿಟ್ಟುಕೊಂಡು ಹದಿನೈದು ವರ್ಷದ ಹೊಣೆ ಹೊರುವುದು ತರವಲ್ಲ. ಮನೆಯ ಹಿರಿಯರೊಬ್ಬರಾದರೂ 'ಇದು ನನ್ನದು' ಎಂದು ಒಪ್ಪಿಕೊಳ್ಳಬೇಕು.

ಆರೋಗ್ಯದ ಅಪಾಯಗಳು

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಉಬ್ಬಸ ಬರುತ್ತದೆಂಬ ನಂಬಿಕೆ ನಮ್ಮಲ್ಲಿದೆ. ವಾಸ್ತವವಾಗಿ ತೊಂದರೆ ಕೂದಲಿನದಲ್ಲ. ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದ ಗ್ರಂಥಿಗಳಲ್ಲಿಯೂ ಉತ್ಪತ್ತಿಯಾಗುವ ಒಂದು ಬಗೆಯ ಪ್ರೋಟೀನು ಕೆಲವರಿಗೆ ಒಗ್ಗುವುದಿಲ್ಲ. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ರೋಮಕ್ಕೆ ಅಂಟಿ, ಒಣಗಿ, ಸೂಕ್ಷ್ಮ ಕಣಗಳಾಗಿ ಗಾಳಿಯಲ್ಲಿ ತೇಲುತ್ತದೆ. ಬೆಕ್ಕು ಮನೆ ಬಿಟ್ಟ ಮೇಲೂ ಹಾಸಿಗೆ, ಪರದೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಮೊದಲು ವೈದ್ಯರ ಸಲಹೆ ಪಡೆಯಬೇಕು. ಬೆಕ್ಕಿರುವ ಪರಿಚಿತರ ಮನೆಯಲ್ಲಿ ಕೆಲವು ಸಲ ಕುಳಿತು ನೋಡಬೇಕು. ಒಂದೇ ಕೋಣೆಯಲ್ಲಿ ಐವರು ಮಲಗುವ ಮನೆಯಲ್ಲಿ ಅಂತಹ ರೋಗಿಯಿಂದ ಬೆಕ್ಕನ್ನು ದೂರವಿಡುವುದು ಸಾಧ್ಯವಿಲ್ಲ. ಅಲ್ಲಿ 'ಬೇಡ' ಎಂಬುದೇ ಸರಿಯಾದ ಉತ್ತರ.

ಎರಡನೆಯದು ಗರ್ಭಿಣಿಯರ ಭಯ. ಮಗಳು ಹೆರಿಗೆಗೆ ತವರಿಗೆ ಬರುವಳೆಂದೊಡನೆ ಎಷ್ಟೋ ಮನೆಗಳಿಂದ ಬೆಕ್ಕು ಹೊರಬೀಳುತ್ತದೆ. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರೋಪಜೀವಿ ಗರ್ಭಿಣಿಗೆ ಮೊದಲ ಸಲ ತಗುಲಿದರೆ ಶಿಶುವಿಗೆ ಹಾನಿಯಾಗಬಹುದೆಂಬುದು ನಿಜ. ಆದರೆ ಈ ರೋಗ ಅರೆಬೆಂದ ಮಾಂಸದಿಂದಲೂ ತೊಳೆಯದ ಸೊಪ್ಪು ತರಕಾರಿಗಳಿಂದಲೂ ಬರುತ್ತದೆ. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳವರೆಗೆ ಮಾತ್ರ ಮಲದಲ್ಲಿ ಅದನ್ನು ಹೊರಹಾಕುತ್ತದೆ. ಹಾಗೆ ಹೊರಬಿದ್ದುದು ರೋಗ ಹರಡುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನವಾದರೂ ಬೇಕು. ಆದ್ದರಿಂದ ಮಲದ ತಟ್ಟೆಯನ್ನು ಪ್ರತಿದಿನವೂ ಶುಚಿಮಾಡುವುದು, ಆ ಕೆಲಸವನ್ನು ಗರ್ಭಿಣಿಯ ಬದಲು ಮನೆಯ ಬೇರೊಬ್ಬರು ಮಾಡುವುದು, ಬೆಕ್ಕನ್ನು ಹೊರಗೆ ಬಿಡದೆ ಹಸಿಮಾಂಸ ಕೊಡದೆ ಇರುವುದು, ಕೈ ತೊಳೆಯುವುದು, ಇವು ಮುಖ್ಯ ರಕ್ಷೆಗಳು. ವೈದ್ಯರನ್ನು ಕೇಳದೆ ಬೆಕ್ಕನ್ನು ಬೀದಿಗೆ ಬಿಡುವುದು ಅನಗತ್ಯ.

ಮೂರನೆಯದು ರೇಬೀಸ್. ಇದು ನಾಯಿಯ ರೋಗವೆಂದೇ ಜನ ತಿಳಿದಿದ್ದಾರೆ, ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಅರಿಸಿನ, ಸುಣ್ಣ ಹಚ್ಚಕೂಡದು. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗ ಹೆಚ್ಚು ಕಡಿಮೆ ಯಾವಾಗಲೂ ಮಾರಕ. ಸಾಕಿದ ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ನವೀಕರಿಸಬೇಕು.

ಆಹಾರ ಮತ್ತು ವೆಚ್ಚ

ಇಲಿಗಳ ಕಾಟ ತಡೆಯಲು ಕೃಷ್ಣದೇವರಾಯನು ಬೆಕ್ಕುಗಳನ್ನು ಹಂಚಿದನೆಂದೂ, ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿತೆಂದೂ ಹೇಳುವ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯಲ್ಲಿ ರಾಜನು ಬೆಕ್ಕಿನ ಜೊತೆಗೆ ಹಸುವನ್ನೂ ಕೊಟ್ಟನೆಂಬುದನ್ನು ಗಮನಿಸಬೇಕು. ಹೊಣೆಯ ಜೊತೆಗೆ ಅದರ ನಿರ್ವಹಣೆಗೂ ಏರ್ಪಾಡಾಗಬೇಕೆಂಬುದು ಅದರ ತಾತ್ಪರ್ಯ. ಆದರೆ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಮೊಸರನ್ನವಂತೂ ಅದಕ್ಕೆ ಸಾಲದು. ಮಾಂಸದಲ್ಲಿರುವ ಟಾರಿನ್ ಎಂಬ ಸತ್ತ್ವವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಕುರುಡಾಗುವುದೆಂದು 1975ರಲ್ಲಿಯೇ ವಿಜ್ಞಾನಿಗಳು ತೋರಿಸಿದರು; ಹೃದಯವೂ ಕೆಡುತ್ತದೆ. ಸಸ್ಯಾಹಾರಿ ಕುಟುಂಬಗಳು ಇಲ್ಲಿ ಪ್ರಾಮಾಣಿಕವಾಗಿ ಯೋಚಿಸಬೇಕು. ಮೀನು, ಮಾಂಸ ಅಥವಾ ಅವುಗಳಿಂದ ತಯಾರಾದ ಸಿದ್ಧ ಆಹಾರವನ್ನು ಮನೆಯೊಳಗೆ ತರಲು ಒಪ್ಪದವರು ಬೆಕ್ಕನ್ನು ತರಬಾರದು. ನಮ್ಮ ವ್ರತಕ್ಕಾಗಿ ಅದು ಉಪವಾಸ ಬೀಳುವುದು ನ್ಯಾಯವಲ್ಲ.

ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಅಡಿಗೆ ಅದಕ್ಕೆ ವಿಷ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಸಾಕು, ಬೆಕ್ಕಿನ ಪ್ರಾಣ ತೆಗೆಯಲು. ಆಹಾರದ ಜೊತೆಗೆ ಮಲದ ತಟ್ಟೆಯ ಮರಳು, ಲಸಿಕೆ, ಜಂತಿನ ಔಷಧ, ಐದಾರು ತಿಂಗಳಾದಾಗ ಸಂತಾನಹರಣ ಶಸ್ತ್ರಚಿಕಿತ್ಸೆ ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಿಕಿತ್ಸೆಗೆ ಮುಂಬಯಿಯಲ್ಲಿ ಸೌಕರ್ಯವಿದೆ. ಪರೇಲಿನ ಪಶುವೈದ್ಯ ಕಾಲೇಜು 1886ರಷ್ಟು ಹಳೆಯದು. ಆದರೆ ಜೋಗೇಶ್ವರಿಯಿಂದ ಪರೇಲಿಗೆ ಬೆಕ್ಕನ್ನು ಒಯ್ಯಲು ಅರ್ಧ ದಿನದ ರಜೆಯೂ ಬೇಕಾಗುತ್ತದೆ.

ಇಲಿಗಾಗಿ ಬೆಕ್ಕೆಂಬ ಲೆಕ್ಕಾಚಾರ ಇಲ್ಲಿ ನಡೆಯದು. 1896ರಲ್ಲಿ ಈ ನಗರಕ್ಕೆ ಪ್ಲೇಗು ಬಂದ ನಂತರ, ಬೆಕ್ಕು ಸಾಕಿದರೆ ರೋಗ ತಡೆಯಬಹುದೆಂದು ವಾದಿಸಿದ ವೈದ್ಯರೂ ಇದ್ದರು. ಆದರೆ ಬೆಕ್ಕಿಗೂ ಪ್ಲೇಗು ತಗುಲುತ್ತದೆಂಬುದು ಇಂದು ತಿಳಿದ ಸಂಗತಿ. ಗಟಾರದ ಹೆಗ್ಗಣವನ್ನಂತೂ ಹೆಚ್ಚಿನ ಬೆಕ್ಕುಗಳು ತಡೆಯಹೋಗುವುದಿಲ್ಲ. ಅದಕ್ಕೆ ಮದ್ದು ಕಸದ ವಿಲೇವಾರಿಯೇ.

ಕಿಟಕಿ

ಬೆಕ್ಕು ಎಲ್ಲಿಂದ ಬಿದ್ದರೂ ಕಾಲೂರಿ ನಿಲ್ಲುವುದೆಂಬುದು ಅರ್ಧ ಸತ್ಯ. ನ್ಯೂಯಾರ್ಕಿನಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರವನ್ನು 1987ರಲ್ಲಿ ಇಬ್ಬರು ಪಶುವೈದ್ಯರು ಪ್ರಕಟಿಸಿದರು. ಚಿಕಿತ್ಸೆ ದೊರೆತವುಗಳಲ್ಲಿ ಶೇಕಡ 90 ಬದುಕಿದವು. ಆದರೆ ಎದೆ, ದವಡೆ, ಕಾಲುಗಳಿಗೆ ಆದ ಪೆಟ್ಟು ಸಣ್ಣದಾಗಿರಲಿಲ್ಲ. ನಮ್ಮ ಕಿಟಕಿಗಳ ಹೊರಗೆ ಪಾರಿವಾಳಗಳು ಕೂಡುತ್ತವೆ. ಬೆಕ್ಕು ಅವುಗಳತ್ತ ನೆಗೆಯುವುದು ಸಹಜ. ತಲೆ ತೂರುವಷ್ಟು ಅಂತರವಿರುವ ಗ್ರಿಲ್ಲು ಅದಕ್ಕೆ ತಡೆಯೇ ಅಲ್ಲ. ಪಾರಿವಾಳಕ್ಕೆಂದು ಕಟ್ಟಿದ ನೈಲಾನ್ ಬಲೆಯನ್ನು ಅದು ಕಚ್ಚಿ ಹರಿಯಬಲ್ಲದು. ಬೆಕ್ಕಿಗೆ ಮೊದಲು ಉಕ್ಕಿನ ಜಾಲರಿ ಮನೆಗೆ ಬರಬೇಕು.

ಸೊಸೈಟಿ ಮತ್ತು ಕಾನೂನು

ಬಹುಮತದ ಠರಾವಿನಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸಲಾಗದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಲಿಯು 2015ರ ಮಾರ್ಗಸೂಚಿಯಲ್ಲಿ ಹೌಸಿಂಗ್ ಸೊಸೈಟಿಗಳಿಗೆ ತಿಳಿಸಿದೆ. ಆದರೆ ಜಿನೆಯ ಮೆಟ್ಟಿಲುಗಳಲ್ಲಿ ಗಲೀಜಾದರೆ ನೆರೆಯವರ ದೂರು ನ್ಯಾಯವಾದುದೇ. ಇನ್ನೊಂದು ಕಡೆ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ. ಮನೆಯನ್ನೇ ಕಂಡ ಬೆಕ್ಕಿಗೆ ಮೀನು ಮಾರುಕಟ್ಟೆ ಸ್ವರ್ಗವಲ್ಲ. ಅಲ್ಲಿನ ಬೆಕ್ಕುಗಳ ಕಾದಾಟಕ್ಕೂ ನಾಯಿಗಳಿಗೂ ಅದು ಬೇಗನೆ ತುತ್ತಾಗುತ್ತದೆ.

ಜಾಮೀನು

ಕೊನೆಯದೇ ಮುಖ್ಯವಾದುದು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ಕರಾವಳಿಯವರಿಗೆ ಊರು ಹತ್ತಿರವಾಗಿದೆ. ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಊರಿಗೆ ಹೊರಟಾಗ ಬೆಕ್ಕಿಗೆ ಅನ್ನ ನೀರು ಕೊಡುವವರು ಯಾರು? ವರ್ಗಾವಣೆಯ ಆಜ್ಞೆ ಬಂದರೆ? ಸಾಕಿದವರೇ ಹಾಸಿಗೆ ಹಿಡಿದರೆ? ಒಂಟಿಯಾಗಿರುವ ವೃದ್ಧರಿಗೆ ಬೆಕ್ಕು ಒಳ್ಳೆಯ ಜೊತೆ, ನಿಜ. ಆದರೆ ಅವರಿಗೇ ಈ ಪ್ರಶ್ನೆ ಎಲ್ಲರಿಗಿಂತ ಹೆಚ್ಚು ಅನ್ವಯಿಸುತ್ತದೆ. ಇಂತಹ ಸಂದರ್ಭದಲ್ಲಿ 'ನಾನು ನೋಡಿಕೊಳ್ಳುತ್ತೇನೆ' ಎಂದು ಮೊದಲೇ ಬಾಯ್ದೆರೆದು ಒಪ್ಪಿದ ನೆರೆಯವರೋ ಬಂಧುವೋ ಇರಬೇಕು. ಜಾಮೀನುದಾರನಿಲ್ಲದ ಸಾಲವನ್ನು ಮಂಜೂರು ಮಾಡುವುದು ಜಾಣತನವಲ್ಲ.

ರೋಗಗಳ ಭಯಕ್ಕೆ ಬಹುಮಟ್ಟಿಗೆ ಪರಿಹಾರವಿದೆ, ಹೊಣೆಗಾರರಿಲ್ಲದಿರುವಿಕೆಗೆ ಪರಿಹಾರವಿಲ್ಲ. ಈ ನಾಲ್ಕು ಪರೀಕ್ಷೆಗಳಲ್ಲಿ ಉತ್ತೀರ್ಣವಾದ ಮನೆ ಸಂತೋಷದಿಂದ ಬೆಕ್ಕನ್ನು ಬರಮಾಡಿಕೊಳ್ಳಲಿ. ಉಳಿದವರು ಮಕ್ಕಳಿಗೆ ಕಾರಣ ತಿಳಿಸಿ 'ಬೇಡ' ಎನ್ನಲಿ. ಕಟ್ಟಡದ ಐದಾರು ಮನೆಯವರು ಕೂಡಿ ಕಾಂಪೌಂಡಿನ ಬೆಕ್ಕಿಗೆ ಲಸಿಕೆಯನ್ನೂ ಸಂತಾನಹರಣವನ್ನೂ ಮಾಡಿಸಲಿ. ಮಕ್ಕಳಲ್ಲಿ ದಯೆ ಬೆಳೆಯಲು ಅದೂ ಒಂದು ದಾರಿ.