ಕೈಗೆ ಬಾರದ ಸಮನ್ಸ್, ವಾಂಟೆಡ್ ಪಟ್ಟಿಯಲ್ಲಿ ಹೆಸರು

ಮನೆ ಬದಲಿಸಿದಾಗ ವಿಳಾಸ ತಿದ್ದಿಸಲು ಮರೆತರೆ ನಮಗೆ ಗ್ಯಾಸ್ ಸಿಲಿಂಡರ್ ತಡವಾದೀತು, ಅಷ್ಟೇ. ಉಕ್ರೇನಿನಲ್ಲಿ ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಅಲ್ಲಿ 25ರಿಂದ 60 ವರ್ಷದ ಗಂಡಸರನ್ನು ಯುದ್ಧಕ್ಕೆ ಕರೆಯಬಹುದು. ನೋಂದಾಯಿತ ವಿಳಾಸಕ್ಕೆ ಹೋದ ಸಮನ್ಸ್ 'ಮನೆಯಲ್ಲಿಲ್ಲ' ಎಂಬ ಅಂಚೆ ಷರಾದೊಂದಿಗೆ ಮರಳಿದರೂ, 2024ರ ನಿಯಮದ ಪ್ರಕಾರ ತಲುಪಿದ ಹಾಗೆಯೇ ಲೆಕ್ಕ. ಹಾಜರಾಗದವರ ಹೆಸರನ್ನು ಸೇನಾ ನೇಮಕಾತಿ ಕಚೇರಿ ಪೊಲೀಸರಿಗೆ ಕೊಡುತ್ತದೆ. 'ರಿಸರ್ವ್ ಪ್ಲಸ್' ಆ್ಯಪ್ ತೆರೆದಾಗಲೇ ಎಷ್ಟೋ ಮಂದಿಗೆ ಇದು ಗೊತ್ತಾಗುವುದು.

ಇದು ಕ್ರಿಮಿನಲ್ ಆರೋಪವಲ್ಲ. ಸೇನಾ ನೋಂದಣಿ ನಿಯಮ ಮುರಿದ ಆಡಳಿತಾತ್ಮಕ ತಪ್ಪು. ದಂಡ 17,000ದಿಂದ 25,500 ಹ್ರಿವ್ನಿಯಾ. ಆ್ಯಪ್‌ನಲ್ಲೇ ಕಟ್ಟಿ ಮುಗಿಸಬಹುದು, ಆದರೆ ಅದು ತಪ್ಪು ಒಪ್ಪಿಕೊಂಡಂತೆ. ಒಪ್ಪದವರು ಮೊದಲು ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಯಾವ ಆಧಾರದ ಮೇಲೆ ಹೆಸರು ಸೇರಿಸಿದಿರಿ ಎಂದು ಕೇಳಬೇಕು. ವಿಳಾಸ ಸರಿಯಿತ್ತು, ಸೇವೆಯಿಂದ ಮುಂದೂಡಿಕೆ ಸಿಕ್ಕಿತ್ತು ಎಂಬ ದಾಖಲೆ ಲಗತ್ತಿಸಿ ಹೆಸರು ತೆಗೆಯಲು ಕೋರಬೇಕು. ಅದಕ್ಕೂ ಬಗ್ಗದಿದ್ದರೆ ಆಡಳಿತ ನ್ಯಾಯಾಲಯವಿದೆ. ದಂಡದ ಆದೇಶವೇ ಹೊರಬಿದ್ದಿದ್ದರೆ ಮೇಲ್ಮನವಿಗೆ ಹತ್ತೇ ದಿನ.

ತೊಡಕು ಬೇರೆಯೇ ಇದೆ. ಅರ್ಜಿ ಹಿಡಿದು ಖುದ್ದಾಗಿ ಕಚೇರಿಗೆ ಹೋದವನನ್ನು ಅಲ್ಲಿಂದಲೇ ವೈದ್ಯಕೀಯ ತಪಾಸಣೆಗೆ ಕಳಿಸಬಹುದು. ಮೊಕದ್ದಮೆ ಹೂಡಿದ ಮಾತ್ರಕ್ಕೆ ಸೇನೆಯ ಕರೆ ನಿಲ್ಲುವುದಿಲ್ಲ.